ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಚರಿತ್ರೆ

ಅರಿಶಿನ ಮಾರಿದ ದುಡ್ಡು ಕೈಗೆ ಬಂದ ವಾರ ನನ್ನ ಅಣ್ಣನ ಮಗ ತೆರಕಣಾಂಬಿಯಿಂದ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದ. ಬಂದವನು ಊಟಕ್ಕೂ ಕೂರದೆ ಫೋನು ತೆಗೆದು ಒಂದು ಚಿತ್ರ ತೋರಿಸಿದ. ಕಪ್ಪು ಬಣ್ಣದ ರೋಡ್ ಬೈಕು, ಕಾರ್ಬನ್ ಫ್ರೇಮು. ಮೈಸೂರಿನಲ್ಲಿ ಯಾರೋ ಎಪ್ಪತ್ತು ಸಾವಿರಕ್ಕೆ ಮಾರುತ್ತಿದ್ದಾರಂತೆ. ಅಂಥದೇ ಹೊಸದು ಕೊಳ್ಳಲು ಹೋದರೆ ಅಂಗಡಿಯಲ್ಲಿ ಎರಡು ಲಕ್ಷದ ಹತ್ತಿರ ಹೇಳುತ್ತಾರೆ. ಅಣ್ಣ ಎಪ್ಪತ್ತಕ್ಕೆ ಒಪ್ಪಿದ್ದಾನೆ, ಆದರೆ 'ಚಿಕ್ಕಪ್ಪ ನೋಡಿ ಹೂಂ ಅಂದ್ರೆ ಮಾತ್ರ' ಎಂದಿದ್ದಾನೆ.

ನಾನು ಇತಿಹಾಸ ಪಾಠ ಮಾಡುವವನು. ಸೈಕಲ್ಲಿನ ವಿಷಯದಲ್ಲಿ ನನ್ನ ತಿಳಿವಳಿಕೆ ಪಂಕ್ಚರ್ ಹಾಕಿಸುವಲ್ಲಿಗೆ ಮುಗಿಯುತ್ತದೆ. ಆದರೆ ಹುಡುಗ ಹಟ ಹಿಡಿದಿದ್ದು ಸುಮ್ಮನೆ ಅಲ್ಲ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆ ಹಲವು ವರ್ಷ ಗುಂಡ್ಲುಪೇಟೆಯ ಮೇಲೆಯೇ ಹಾದುಹೋಗಿದೆ. ಊಟಿಗೂ ಸುಲ್ತಾನ್ ಬತ್ತೇರಿಗೂ ದಾರಿ ಕವಲೊಡೆಯುವ ಆ ಊರಿನಲ್ಲಿ, ರಸ್ತೆಬದಿಯಲ್ಲಿ ನಿಂತು ಆ ಸವಾರರನ್ನು ನೋಡಿ ಬೆಳೆದವನು ಅವನು. ಈಗ ಇಪ್ಪತ್ತೆರಡು ವರ್ಷ. ಬೆಳಗಿನ ಜಾವ ಎದ್ದು ಹಳೇ ಸೈಕಲ್ಲಿನಲ್ಲಿ ಗೋಪಾಲಸ್ವಾಮಿ ಬೆಟ್ಟದ ಬುಡದವರೆಗೆ ಹೋಗಿ ಬರುತ್ತಾನೆ. ಮಾದಪ್ಪನ ಬೆಟ್ಟದ ಘಾಟಿ ಹತ್ತಿದ್ದಾನೆ. ಒಂದಲ್ಲ ಒಂದು ದಿನ ಮಸಣಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವು ಹತ್ತಿ, ಇಳಿಯಬೇಕು ಎನ್ನುವುದು ಅವನ ಆಸೆ. ನನ್ನನ್ನು ಹೆದರಿಸಿದ್ದು ಹತ್ತುವುದಲ್ಲ, ಆ ಇಳಿಯುವ ಮಾತು.

ಹೊಸದೋ ಹಳೆಯದೋ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ನಾನು ನನಗೆ ಗೊತ್ತಿರುವ ದಾರಿಯಲ್ಲೇ ಹಿಂದಕ್ಕೆ ಹೋದೆ.

ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಗಾಡಿಯ ಮೇಲೆ ಕೂತು, ನೆಲವನ್ನು ಕಾಲಿನಿಂದ ಒದೆಯುತ್ತಾ ಮೊದಲ ಸವಾರಿ ಮಾಡಿದ್ದು 1817ರ ಜೂನ್‌ನಲ್ಲಿ. ಅದರ ಮರುವರ್ಷ, 1818ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರವೆಂಬ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು. ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ನಮ್ಮ ಊರಿನ ಹೆಸರಿಗೂ ಸೈಕಲ್ಲಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು ಎಂದು ತರಗತಿಯಲ್ಲಿ ಹೇಳಿದರೆ ಹುಡುಗರು ಇಸವಿ ಮರೆಯುವುದಿಲ್ಲ.

ಡ್ರೈಸನ ಗಾಡಿಗೆ ಪೆಡಲು ಇರಲಿಲ್ಲ. ಪೆಡಲು ಬಂದದ್ದು 1860ರ ದಶಕದಲ್ಲಿ, ಫ್ರಾನ್ಸಿನಲ್ಲಿ. ಆಮೇಲೆ ಮುಂದಿನ ಚಕ್ರ ಆಳೆತ್ತರ ಬೆಳೆದು, ಬಿದ್ದರೆ ತಲೆ ಒಡೆಯುವ ಸೈಕಲ್ಲುಗಳು ಬಂದವು. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರಗಳನ್ನು ಸಮ ಮಾಡಿ, ಹಿಂದಿನ ಚಕ್ರಕ್ಕೆ ಚೈನು ಹಾಕಿ 'ರೋವರ್' ಮಾಡಿದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಇವತ್ತಿನ ಸೈಕಲ್ಲು ಅಲ್ಲಿಗೆ ಪೂರ್ತಿಯಾಯಿತು. ಅದು ನಮ್ಮ ನಾಡಿನೊಳಗೆ ಹೇಗೆ ಬಂದಿರಬಹುದು ಎಂದು ತಿಳಿಯಬೇಕಾದವರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಬೇಕು. 1967ರಲ್ಲಿ ಪ್ರಕಟವಾದರೂ ಕಾದಂಬರಿಯ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ. ಅಲ್ಲಿ ಬೈಸಿಕಲ್ಲು ಜನರ ಬಾಯಲ್ಲಿ ಬೀಸೇಕಲ್ಲು ಆಗಿಬಿಡುತ್ತದೆ. ಹೊಸ ವಸ್ತುವನ್ನು ಮನೆಯ ಹಳೇ ವಸ್ತುವಿನ ಹೆಸರಿನಿಂದ ಹಿಡಿದುಕೊಳ್ಳುವುದು ನಮ್ಮ ಜನರ ಪದ್ಧತಿ. ಈ ಮಾತಿಗೆ ಮತ್ತೆ ಬರುತ್ತೇನೆ.

ನಮ್ಮ ಕಡೆಯ ಹಳ್ಳಿಗಳಿಗೆ ಸೈಕಲ್ಲು ಬಂದದ್ದೇ ಸೆಕೆಂಡ್ ಹ್ಯಾಂಡ್ ಆಗಿ. ರಾಲಿ, ಹಂಬರ್, ಬಿ.ಎಸ್.ಎ., ಫಿಲಿಪ್ಸ್, ಇವೆಲ್ಲ ಹಡಗಿನಲ್ಲಿ ಬಂದ ಇಂಗ್ಲಿಷ್ ಸೈಕಲ್ಲುಗಳು. ಹೊಸದನ್ನು ಕೊಳ್ಳುತ್ತಿದ್ದವರು ಅಧಿಕಾರಿಗಳು, ವಕೀಲರು, ಮಂಡಿ ಸಾಹುಕಾರರು. ಅವರು ವರ್ಗವಾಗಿ ಹೋಗುವಾಗಲೋ, ಮೋಟಾರು ಕೊಂಡಾಗಲೋ ಸೈಕಲ್ಲು ಗುಮಾಸ್ತನಿಗೆ ಇಳಿಯುತ್ತಿತ್ತು. ಗುಮಾಸ್ತನಿಂದ ಮೇಷ್ಟ್ರಿಗೆ, ಮೇಷ್ಟ್ರಿಂದ ರೈತನಿಗೆ. ಸ್ವಾತಂತ್ರ್ಯದ ನಂತರ ಚಿತ್ರ ಸ್ವಲ್ಪ ಬದಲಾಯಿತು. ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಸೋನೆಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಶುರುವಾದವು. ಸೈಕಲ್ಲು ನಮ್ಮ ದೇಶದ್ದೇ ಆಯಿತು, ಆದರೆ ಕೂಲಿ ಮಾಡುವವನ ಪಾಲಿಗೆ ಹೊಸದರ ಬೆಲೆ ಆಗಲೂ ದೂರದ ಮಾತೇ. ನನ್ನ ತಾತ ಐವತ್ತರ ದಶಕದಲ್ಲಿ ಚಾಮರಾಜನಗರದ ಒಬ್ಬ ಗುಮಾಸ್ತರಿಂದ ರಾಲಿ ಸೈಕಲ್ಲೊಂದನ್ನು ಕೊಂಡರು. ಅದನ್ನು ತಾತನ ಮೇಲೆ ಅಪ್ಪ ಓಡಿಸಿದ. ಅಪ್ಪನ ಮೇಲೆ ಅಣ್ಣ ಓಡಿಸಿದ. ನನ್ನ ಸರದಿ ಬರುವ ಹೊತ್ತಿಗೆ ಅದರಲ್ಲಿ ರಾಲಿ ಕಂಪನಿಯದು ಎಂದು ಉಳಿದಿದ್ದದ್ದು ಫ್ರೇಮು ಮತ್ತು ಹ್ಯಾಂಡಲ್ಲು ಮಾತ್ರ.

ಸೈಕಲ್ಲು ಕಲಿತದ್ದೂ ಇನ್ನೊಬ್ಬರದರಲ್ಲೇ. ಗಂಟೆಗೆ ಇಷ್ಟು ಎಂದು ಬಾಡಿಗೆಗೆ ಕೊಡುವ ಶಾಪುಗಳು ಗುಂಡ್ಲುಪೇಟೆಯಲ್ಲೂ ಚಾಮರಾಜನಗರದಲ್ಲೂ ಇದ್ದವು. ಗೋಡೆಗೆ ನೇತುಹಾಕಿದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು, ಹೊತ್ತು. ಸೀಟಿನ ಮೇಲೆ ಕಾಲು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದೆವು. ಊರಿಗೆ ಸೈಕಲ್ ಸರ್ಕಸ್ಸಿನವನು ಬಂದರೆ, ನೆಲಕ್ಕೆ ಕಾಲೂರದೆ ಹಗಲು ರಾತ್ರಿ ಮೈದಾನ ಸುತ್ತುವ ಅವನನ್ನು ನೋಡಲು ಅಕ್ಕಪಕ್ಕದ ಹಳ್ಳಿಯವರೂ ಬಂದು ಕೂರುತ್ತಿದ್ದರು. ಅವನು ಸೈಕಲ್ಲಿನ ಮೇಲೆಯೇ ಸ್ನಾನ ಮಾಡುತ್ತಿದ್ದ, ಊಟ ಮಾಡುತ್ತಿದ್ದ. ಅವನದೂ ಹಳೇ ಸೈಕಲ್ಲೇ.

ಇಷ್ಟೊಂದು ಕೈ ಬದಲಾದರೂ ಮೋಸ ಹೋದೆವೆಂದು ಗೋಳಾಡಿದವರು ಕಡಿಮೆ. ಅದಕ್ಕೆ ಮೊದಲ ಕಾರಣ ಉಕ್ಕು. ಉಕ್ಕಿನ ಸೈಕಲ್ಲು ತನ್ನ ಚರಿತ್ರೆಯನ್ನು ಮೈಮೇಲೆ ಬರೆದುಕೊಂಡಿರುತ್ತದೆ. ಗಾಡಿಗೆ ಗುದ್ದಿದ್ದರೆ ಫೋರ್ಕು ಹಿಂದಕ್ಕೆ ಬಾಗಿರುತ್ತದೆ. ಮೂಟೆ ಹೊತ್ತಿದ್ದರೆ ಹಿಂದಿನ ಕಡ್ಡಿಗಳು ಸಡಿಲಾಗಿರುತ್ತವೆ. ಮಳೆಯಲ್ಲಿ ನಿಂತಿದ್ದರೆ ತುಕ್ಕು. ಬಾಗಿದ್ದನ್ನು ಬಡಿದು ನೇರ ಮಾಡಬಹುದು, ಬಿರುಕು ಬಿಟ್ಟದ್ದನ್ನು ಬೆಸೆಯಬಹುದು, ಆದರೆ ಬೆಸೆದ ಗಂಟು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಎರಡನೆಯದು ಕಾಗದಪತ್ರ. ಫ್ರೇಮಿನ ಮೇಲೆ ಒತ್ತಿದ ನಂಬರು ಇರುತ್ತಿತ್ತು. ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದವು, ಕಟ್ಟಿದವರಿಗೆ ಲೋಹದ ಬಿಲ್ಲೆ ಕೊಡುತ್ತಿದ್ದವು. ಬಿಲ್ಲೆ ಇಲ್ಲದ, ದೀಪವಿಲ್ಲದ ಸೈಕಲ್ಲನ್ನು ಪೊಲೀಸಿನವನು ತಡೆದು ಗಾಳಿ ಬಿಡುತ್ತಿದ್ದ. ಮೂರನೆಯದೇ ದೊಡ್ಡದು: ಸೈಕಲ್ ಶಾಪಿನವನು. ಯಾರ ಸೈಕಲ್ಲು ಯಾವಾಗ ಯಾವ ಹಳ್ಳಕ್ಕೆ ಬಿತ್ತು ಎನ್ನುವುದು ಅವನಿಗೆ ಗೊತ್ತಿರುತ್ತಿತ್ತು. ಊರಿನ ಸೈಕಲ್ಲುಗಳ ದಫ್ತರಖಾನೆ ಅವನ ತಲೆಯಲ್ಲೇ ಇತ್ತು.

ಇನ್ನು ಕಾರ್ಬನ್. ಇದರ ಚರಿತ್ರೆ ಬಿದಿರಿನಿಂದ ಶುರುವಾಗುತ್ತದೆ ಎಂದರೆ ಬಂಡೀಪುರ, ಬಿಳಿಗಿರಿರಂಗನ ಕಾಡುಗಳ ಬಿದಿರು ನೋಡಿ ಬೆಳೆದ ನಮಗೆ ಸ್ವಲ್ಪ ಹತ್ತಿರವೆನಿಸುತ್ತದೆ. ಎಡಿಸನ್ ತನ್ನ ವಿದ್ಯುದ್ದೀಪದ ಒಳಗೆ ಉರಿಯುವ ಎಳೆಗೆ ಮೊದಲು ಹತ್ತಿಯ ನೂಲನ್ನೂ, 1880ರಲ್ಲಿ ಬಿದಿರಿನ ಸೀಳನ್ನೂ ಸುಟ್ಟು ಇಂಗಾಲ ಮಾಡಿದ. ಅವನಿಗೆ ಒಗ್ಗಿದ್ದು ಜಪಾನಿನ ಕ್ಯೋಟೋ ಬಳಿಯ ಬಿದಿರು. ಆ ಎಳೆ ಬೆಳಕು ಕೊಟ್ಟಿತೇ ಹೊರತು ಭಾರ ಹೊರಲಿಲ್ಲ. ಭಾರ ಹೊರಬಲ್ಲ ಇಂಗಾಲದ ಎಳೆಯನ್ನು 1958ರಲ್ಲಿ ಅಮೆರಿಕದ ರೋಜರ್ ಬೇಕನ್ ಯೂನಿಯನ್ ಕಾರ್ಬೈಡ್ ಪ್ರಯೋಗಾಲಯದಲ್ಲಿ ತೋರಿಸಿದ. ಜಪಾನಿನ ಅಕಿಯೋ ಶಿಂಡೋ, ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದವರು ಅರವತ್ತರ ದಶಕದಲ್ಲಿ ಅಕ್ರಿಲಿಕ್ ಜಾತಿಯ ನೂಲನ್ನು ಸುಟ್ಟು ಅದನ್ನು ಕಾರ್ಖಾನೆಯಲ್ಲಿ ಮಾಡುವ ದಾರಿ ಹುಡುಕಿದರು. ನಮ್ಮ ತಲೆಗೂದಲಿಗಿಂತ ಸುಮಾರು ಹತ್ತು ಪಟ್ಟು ಸಪೂರವಾದ ಕಪ್ಪು ಎಳೆ ಅದು. ಸಾವಿರಾರು ಎಳೆ ಸೇರಿಸಿ ಪಟ್ಟಿ ಮಾಡಿ, ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರ ಹಾಸಿ, ಅಚ್ಚಿನಲ್ಲಿ ಒತ್ತಿ ಬೇಯಿಸಿದರೆ ಉಕ್ಕಿಗಿಂತ ಎಷ್ಟೋ ಹಗುರವಾದ, ಅಷ್ಟೇ ಬಿಗಿಯಾದ ವಸ್ತು ಸಿಗುತ್ತದೆ. ಪದರಗಳನ್ನು ಹಾಸುವ ಕೆಲಸ ಇವತ್ತಿಗೂ ಬಹುಪಾಲು ಕೈಯಿಂದಲೇ ನಡೆಯುತ್ತದೆ.

ಆದರೆ ಎಳೆ ಎಳೆದ ದಿಕ್ಕಿನಲ್ಲಿ ಎಷ್ಟು ಗಟ್ಟಿಯೋ ಅಡ್ಡ ಪೆಟ್ಟಿಗೆ ಅಷ್ಟೇ ಸೂಕ್ಷ್ಮ. ಇದನ್ನು ಜಗತ್ತು ಕಲಿತದ್ದು ದುಬಾರಿ ಪಾಠದಿಂದ. ರೋಲ್ಸ್ ರಾಯ್ಸ್ ಕಂಪನಿ ತನ್ನ ಹೊಸ ವಿಮಾನ ಎಂಜಿನ್ನಿಗೆ ಕಾರ್ಬನ್ ಬ್ಲೇಡುಗಳನ್ನು ಮಾಡಿತ್ತು. ಹಾರುವ ಹಕ್ಕಿ ಡಿಕ್ಕಿ ಹೊಡೆದರೆ ಏನಾಗುತ್ತದೆಂದು ನೋಡಲು 1970ರಲ್ಲಿ ಸತ್ತ ಕೋಳಿಯನ್ನು ರಭಸದಿಂದ ಹೊಡೆದಾಗ ಬ್ಲೇಡುಗಳು ಚೂರಾದವು. ಆ ಎಂಜಿನ್ನಿನ ಖರ್ಚು ಕೈಮೀರಿ 1971ರಲ್ಲಿ ಕಂಪನಿ ದಿವಾಳಿಯಾಯಿತು, ಕೊನೆಗೆ ಸರ್ಕಾರವೇ ಅದನ್ನು ಉಳಿಸಬೇಕಾಯಿತು.

ಸೈಕಲ್ಲಿಗೆ ಕಾರ್ಬನ್ ನಿಜವಾಗಿ ಬಂದದ್ದು ಎಂಬತ್ತರ ದಶಕದಲ್ಲಿ. 1986ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಕಾರ್ಬನ್ ಕೊಳವೆಗಳ ಸೈಕಲ್ಲಿನ ಮೇಲೆ ಟೂರ್ ದ ಫ್ರಾನ್ಸ್ ಗೆದ್ದ. ಅದೇ ವರ್ಷ ಕೆಸ್ಟ್ರೆಲ್ ಕಂಪನಿ ಕೊಳವೆಗಳನ್ನು ಜೋಡಿಸದೆ ಇಡೀ ಫ್ರೇಮನ್ನೇ ಅಚ್ಚಿನಲ್ಲಿ ತೆಗೆಯಿತು. ಮರುವರ್ಷ ತೈವಾನಿನ ಜೈಂಟ್ ಕಂಪನಿ ಕಾರ್ಬನ್ ಸೈಕಲ್ಲನ್ನು ದೊಡ್ಡ ಸಂಖ್ಯೆಯಲ್ಲಿ ಮಾಡತೊಡಗಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕ್ರಿಸ್ ಬೋರ್ಡ್‌ಮನ್ ಲೋಟಸ್ ಸೈಕಲ್ಲಿನ ಮೇಲೆ ಚಿನ್ನ ಗೆದ್ದಾಗ ಉಕ್ಕಿನ ಕಾಲ ಮುಗಿಯಿತೆಂದು ಎಲ್ಲರಿಗೂ ಗೊತ್ತಾಯಿತು. ಸೈಕಲ್ಲುಗಳು ಎಷ್ಟು ಹಗುರಾದವೆಂದರೆ, 2000ದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಪಂದ್ಯದ ಸೈಕಲ್ಲು 6.8 ಕಿಲೋಗಿಂತ ಕಡಿಮೆ ಇರಕೂಡದೆಂದು ನಿಯಮವನ್ನೇ ಮಾಡಿತು. ನನ್ನ ತಾತನ ರಾಲಿ ಅದರ ಮೂರು ಪಟ್ಟಾದರೂ ತೂಗುತ್ತಿತ್ತು.

ಇಂಥ ಸೈಕಲ್ಲು ಎಪ್ಪತ್ತು ಸಾವಿರಕ್ಕೆ ನಮ್ಮ ಹುಡುಗನ ಫೋನಿಗೆ ಬರಲು ಇನ್ನೊಂದು ಕಾರಣವಿದೆ. 2020ರ ಲಾಕ್‌ಡೌನಿನಲ್ಲಿ ಜಿಮ್ಮು ಮುಚ್ಚಿದಾಗ ನಗರದವರು ಸೈಕಲ್ಲಿಗೆ ಮುಗಿಬಿದ್ದರು. ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲಿ ಕಾದು ಕೊಳ್ಳಬೇಕಾಗಿತ್ತು. ಕೆಲಸಗಳು ಮತ್ತೆ ಶುರುವಾದ ಮೇಲೆ ಅವೇ ಸೈಕಲ್ಲುಗಳು ಬಾಲ್ಕನಿಯಲ್ಲಿ ನಿಂತವು, ಆಮೇಲೆ ಮಾರಾಟಕ್ಕೆ ಬಂದವು. ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಸಾಹುಕಾರನ ಸೈಕಲ್ಲು ಗುಮಾಸ್ತನಿಗೆ, ಗುಮಾಸ್ತನದು ರೈತನಿಗೆ ಇಳಿಯುತ್ತಿದ್ದ ಹಳೇ ಕಾಲುವೆಯಲ್ಲೇ ಈಗ ಹೊಸ ನೀರು ಹರಿಯುತ್ತಿತ್ತು.

ನಾವು ಮೈಸೂರಿಗೆ ಹೊರಟಾಗ ಜೊತೆಗೆ ಗುಂಡ್ಲುಪೇಟೆಯ ಸೈಕಲ್ ಶಾಪಿನ ಅಜ್ಜನೂ ಬಂದರು. ಅವರಿಗೆ ಮೈಸೂರಿನಲ್ಲಿ ಕಣ್ಣಿನ ಡಾಕ್ಟರರನ್ನು ಕಾಣುವುದಿತ್ತು. ಅಣ್ಣನಿಗೂ ಅಪ್ಪನಿಗೂ ಸೈಕಲ್ಲು ರಿಪೇರಿ ಮಾಡಿಕೊಟ್ಟವರು ಅವರೇ. ಕಾರ್ಬನ್ ಸೈಕಲ್ಲನ್ನು ಅವರು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಮಾರುವವರು ಸಜ್ಜನರಂತೆಯೇ ಕಂಡರು. ಕಾಫಿ ಕೊಟ್ಟರು. ಸೈಕಲ್ಲು ಒಂದು ಸಲವೂ ಬಿದ್ದಿಲ್ಲ ಎಂದರು. ಹುಡುಗ ತಾನು ಓದಿಕೊಂಡು ಬಂದಂತೆ ನೋಡತೊಡಗಿದ: ಹ್ಯಾಂಡಲ್ಲು ಸೇರುವ ಕತ್ತಿನ ಭಾಗ, ಪೆಡಲಿನ ಅಚ್ಚು ಕೂರುವ ಜಾಗ, ಸೀಟಿನ ಕಂಬವನ್ನು ಬಿಗಿಯುವ ಹಿಡಿ. ಬೋಲ್ಟನ್ನು ಹದ ಮೀರಿ ಬಿಗಿದರೆ ಕಾರ್ಬನ್ ಅಲ್ಲೇ ನಲುಗುತ್ತದೆ. ಅಲ್ಯೂಮಿನಿಯಂ ಕಂಬವನ್ನು ಕಾರ್ಬನ್ ಫ್ರೇಮಿನೊಳಗೆ ವರ್ಷಗಟ್ಟಲೆ ಬಿಟ್ಟರೆ ಬೆವರು, ತೇವ ಸೇರಿ ಲೋಹ ಕಿಲುಬು ಹಿಡಿದು ಅಂಟಿಕೊಂಡುಬಿಡುತ್ತದೆ. ಕಂಬ ಸಲೀಸಾಗಿ ಬಂತು. ಗೇರು ಸರಿಯಿತ್ತು. ಚಕ್ರ ನೇರವಿತ್ತು. ಎಲ್ಲವೂ ಹೊಳೆಯುತ್ತಿತ್ತು. ಹುಡುಗನ ಮುಖ ನೋಡಿದರೆ ದುಡ್ಡು ಕೊಟ್ಟೇಬಿಟ್ಟಂತಿತ್ತು.

ಅಜ್ಜ ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು ಎದ್ದು ಬಂದು ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದರು. ಫ್ರೇಮಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬಂದರು. ಟಿಣ್, ಟಿಣ್, ಟಿಣ್. ಹಿಂದಿನ ಚಕ್ರಕ್ಕೆ ಹೋಗುವ ಎಡಗಡೆಯ ಕೊಳವೆಯ ಮೇಲೆ ಒಂದು ಸ್ಟಿಕರ್ ಇತ್ತು. ಅಲ್ಲಿ ಸದ್ದು ಬದಲಾಯಿತು. ಟಿಣ್ ಎನ್ನಲಿಲ್ಲ, ಟೊಪ್ ಎಂದಿತು. ಬಲಗಡೆಯ ಕೊಳವೆಯಲ್ಲಿ ಅದೇ ಜಾಗ ತಟ್ಟಿದರು, ಟಿಣ್ ಎಂದಿತು. ಮತ್ತೆ ಎಡಕ್ಕೆ ಬಂದರು, ಟೊಪ್.

"ಇದು ಒಡ್ದಿರಾ ಮಡ್ಕ ಸದ್ದು ಕನ ಮೊಗ" ಎಂದರು ಅಜ್ಜ, ಹುಡುಗನಿಗೆ ಮಾತ್ರ ಕೇಳುವಂತೆ.

ಕಾರ್ಬನ್ ಫ್ರೇಮನ್ನು ನಾಣ್ಯದಿಂದ ತಟ್ಟಿ ನೋಡುವುದು ಜಗತ್ತಿನಾದ್ಯಂತ ಇರುವ ಪದ್ಧತಿ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ವಿಮಾನದ ಕಾರ್ಬನ್ ಭಾಗಗಳನ್ನೂ ಹೀಗೆ ತಟ್ಟಿ ಪರೀಕ್ಷಿಸುವುದುಂಟು. ಒಳಗೆ ಪದರ ಬಿಟ್ಟಿದ್ದರೆ ಅಲ್ಲಿ ಗಾಳಿಯ ಸಂದು ಇರುತ್ತದೆ, ಸದ್ದು ಮಂಕಾಗುತ್ತದೆ. ಅಜ್ಜ ಮಾಡಿದ್ದು ಸಂತೆಯಲ್ಲಿ ಹೆಂಗಸರು ಮಡಕೆ ಕೊಳ್ಳುವಾಗ ಬೆರಳು ಮಡಿಸಿ ತಟ್ಟುವುದನ್ನೇ, ತೆಂಗಿನಕಾಯಿ ತಟ್ಟುವುದನ್ನೇ. ಬೈಸಿಕಲ್ಲನ್ನು ಬೀಸೇಕಲ್ಲು ಎಂದು ಹಿಡಿದುಕೊಂಡವರ ಮೊಮ್ಮಕ್ಕಳು ಕಾರ್ಬನ್ನನ್ನು ಮಡಕೆಯೆಂದು ಹಿಡಿದುಕೊಂಡರೆ ತಪ್ಪೇನಿಲ್ಲ. ಎರಡೂ ಬೆಂದು ಗಟ್ಟಿಯಾದವು, ಎರಡೂ ಬಾಗುವುದಿಲ್ಲ, ಒಡೆಯುತ್ತವೆ.

ತಟ್ಟಿದ ಸದ್ದು ಕೊನೆಯ ತೀರ್ಪಲ್ಲ ಎನ್ನುವುದನ್ನೂ ಹೇಳಬೇಕು. ಪದರಗಳ ದಪ್ಪ ಬದಲಾದ ಕಡೆಯೂ ಸದ್ದು ಬದಲಾಗುತ್ತದೆ, ಅದಕ್ಕೇ ಎಡ ಬಲ ಎರಡನ್ನೂ ಹೋಲಿಸಬೇಕು. ಖಚಿತವಾಗಿ ತಿಳಿಯಲು ಅಲ್ಟ್ರಾಸೌಂಡ್ ಪರೀಕ್ಷೆ ಬೇಕು. ನಾವು ಸ್ಟಿಕರ್ ತೆಗೆದು ನೋಡಬಹುದೇ ಎಂದು ಕೇಳಿದೆವು. ಅವರು ಅಡ್ಡಿ ಮಾಡಲಿಲ್ಲ. ಕೆಳಗೆ ಬಣ್ಣ ಒಂದು ಎಳೆ ಬೇರೆಯಿತ್ತು, ಕೂದಲಿನಂಥ ಗೀರೊಂದು ಅದರ ಮೇಲೆ ಹಾದಿತ್ತು. ಆಗ ಅವರು ತಾವೂ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದೆಂದೂ ಸ್ಟಿಕರ್ ಮೊದಲೇ ಇತ್ತೆಂದೂ ಹೇಳಿದರು. ಅವರ ಮುಖದ ಬಣ್ಣ ಹೋಗಿತ್ತು. ಅವರು ಸುಳ್ಳು ಹೇಳಿದರೆಂದು ನನಗೆ ಅನ್ನಿಸಲಿಲ್ಲ. 'ಬಿದ್ದಿಲ್ಲ' ಎಂದರೆ 'ನನ್ನ ಕೈಯಲ್ಲಿ ಬಿದ್ದಿಲ್ಲ' ಎಂದಷ್ಟೇ. ಅವರಿಗಿಂತ ಮೊದಲಿನ ಚರಿತ್ರೆಗೆ ಕಾಗದವಿಲ್ಲ, ಬಿಲ್ಲೆಯಿಲ್ಲ, ನೆನಪಿಟ್ಟ ಶಾಪಿನವನಿಲ್ಲ. ಕಂಪನಿಯ ವಾರಂಟಿಯೂ ಸಾಮಾನ್ಯವಾಗಿ ಮೊದಲ ಒಡೆಯನಿಗೆ ಮಾತ್ರ. ಉಕ್ಕಿಗೆ ಇರುವ ಒಂದು ಗುಣ ಕಾರ್ಬನ್ನಿಗೆ ಇಲ್ಲ. ಉಕ್ಕು ಮುರಿಯುವ ಮೊದಲು ಬಾಗಿ ಹೇಳುತ್ತದೆ, ಕಾರ್ಬನ್ ಹೊಳೆಯುತ್ತಲೇ ಇದ್ದು ಒಂದು ಗುಂಡಿಯಲ್ಲಿ ಕೈಕೊಡಬಹುದು. ಕಲ್ಹಟ್ಟಿಯ ಇಳಿಜಾರಿನಲ್ಲಿ ಆ ಒಂದು ಗುಂಡಿ ಸಾಕು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹುಡುಗ ನಂಜನಗೂಡು ದಾಟುವವರೆಗೂ ಮಾತಾಡಲಿಲ್ಲ. ಬೇಗೂರಿನ ಹತ್ತಿರ ಕೇಳಿದ, "ಚಿಕ್ಕಪ್ಪ, ನಮ್ ಮನಗ ಹೊಸ ಸೈಕಲ್ ಯಾವಾಗ್ಲಾರೂ ಬಂದಿತ್ತಾ?"

ಬಂದಿತ್ತು, ಒಮ್ಮೆ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ತಂದಾಗ ಮೊದಲು ಕೊಟ್ಟದ್ದು ಹೆಣ್ಣುಮಕ್ಕಳಿಗೆ. ಆಮೇಲೆ ಗಂಡುಮಕ್ಕಳಿಗೂ ವಿಸ್ತರಿಸಿತು, ಕೋವಿಡ್ ವರ್ಷಗಳಲ್ಲಿ ನಿಂತುಹೋಯಿತು. ಇವನ ಅಕ್ಕನಿಗೆ 2008ರಲ್ಲಿ ಸಿಕ್ಕ ಸೈಕಲ್ಲು ಪ್ಲಾಸ್ಟಿಕ್ ಕವರಿನ ಸಮೇತ ಮನೆಗೆ ಬಂದಾಗ ನನ್ನ ಅಪ್ಪ ಬದುಕಿದ್ದರು. ಕವರು ಕೀಳಬೇಡಿ ಎಂದು ನಾಲ್ಕು ದಿನ ಹಾಗೇ ಇಡಿಸಿದ್ದರು. ಮೂರು ತಲೆಮಾರಿನ ಗಂಡಸರು ಬೇರೆಯವರು ಓಡಿಸಿ ಬಿಟ್ಟ ಸೈಕಲ್ಲು ಓಡಿಸಿದ್ದ ಮನೆಯಲ್ಲಿ, ಒಂದು ಸೈಕಲ್ಲಿನ ಮೊದಲ ಒಡೆತನ ದಕ್ಕಿದ್ದು ಹದಿಮೂರು ವರ್ಷದ ಹುಡುಗಿಗೆ. ಅವಳು ಅದರಲ್ಲೇ ಹೈಸ್ಕೂಲು ಮುಗಿಸಿದಳು. ಈಗ ನರ್ಸ್ ಆಗಿದ್ದಾಳೆ. ನಮ್ಮ ಜಿಲ್ಲೆಯ ಸೈಕಲ್ ಚರಿತ್ರೆ ಬರೆಯುವವರು ಯಾವ ಸ್ಪರ್ಧೆಗಿಂತಲೂ ಮೊದಲು ಇದನ್ನು ಬರೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಹದಿನೈದು ದಿನ ಯೋಚಿಸಿ ಹುಡುಗ ತಾನೇ ತೀರ್ಮಾನ ಮಾಡಿದ. ಕಾರ್ಬನ್ ಬೇಡ, ಸದ್ಯಕ್ಕೆ. ಅದೇ ಎಪ್ಪತ್ತು ಸಾವಿರದೊಳಗೆ ಹೊಸ ಅಲ್ಯೂಮಿನಿಯಂ ರೋಡ್ ಬೈಕು, ಮುಂದಿನ ಫೋರ್ಕು ಮಾತ್ರ ಕಾರ್ಬನ್‌ದು. ತೂಕ ಎರಡು ಮೂರು ಕಿಲೋ ಹೆಚ್ಚು. 'ಆ ಎರಡು ಕಿಲೋನ ನಾನೇ ಇಳಿಸ್ಕತೀನಿ ಬಿಡಿ' ಎಂದು ಹೊಟ್ಟೆ ಮುಟ್ಟಿ ತೋರಿಸಿದ. ಹಳೆಯದನ್ನು ಕೊಳ್ಳಲೇಬಾರದೆಂದು ನಾನು ಯಾರಿಗೂ ಹೇಳುವುದಿಲ್ಲ. ಮೊದಲ ಒಡೆಯ ಯಾರೆಂದು ಗೊತ್ತಿದ್ದು, ರಸೀದಿಯಿದ್ದು, ಬಿಡಿಸಿ ನೋಡಲು ಬಿಡುವವರಾದರೆ ಹಳೇ ಕಾರ್ಬನ್ನೂ ಒಳ್ಳೆಯ ಸೈಕಲ್ಲೇ. ಚರಿತ್ರೆ ಸಿಗದಿದ್ದರೆ ಎಷ್ಟು ಹೊಳೆದರೂ ಬಿಟ್ಟು ಬರಬೇಕು.

ಸೈಕಲ್ಲು ಬಂದ ದಿನ ಅಣ್ಣ ನಿಂಬೆಹಣ್ಣು ಇಟ್ಟು ಪೂಜೆ ಮಾಡಿ, ಚೆಂಡುಹೂವಿನ ಹಾರ ಹಾಕಿದ. ಅಜ್ಜನನ್ನೂ ಕರೆಸಿದ್ದರು. ಅವರು ನಾಣ್ಯ ತೆಗೆದು ಹೊಸ ಫ್ರೇಮನ್ನೂ ಒಂದು ಸುತ್ತು ತಟ್ಟಿದರು. ಅಂಗಡಿಯ ರಸೀದಿಯನ್ನು ಅಣ್ಣ ಹೊಲದ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಟ್ಟಿದ್ದಾನೆ. ಹುಡುಗ ಮರುದಿನ ಬೆಳಗ್ಗೆ ಗುಂಡ್ಲುಪೇಟೆಗೆ ಹೋಗಿ ಬಂದ. ಕಲ್ಹಟ್ಟಿಗೆ ಇನ್ನೂ ಹೋಗಿಲ್ಲ.